ತೂಕ ಇಳಿದ ಮೇಲೆ ಉಳಿಯುವ ಚರ್ಮ

ಮೂವತ್ತು, ನಲವತ್ತು ಕಿಲೊ ತೂಕ ಇಳಿಸಿದವರ ಮೈಯಲ್ಲಿ ಕೊಬ್ಬು ಕರಗುತ್ತದೆ. ಅದನ್ನು ಹೊದ್ದಿದ್ದ ಚರ್ಮ ಮಾತ್ರ ಅದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಕೆಳಹೊಟ್ಟೆಯಲ್ಲಿ ಅದು ಮಡಿಕೆಯಾಗಿ ಇಳಿಬೀಳುತ್ತದೆ. ತೋಳಿನ ಕೆಳಗೆ, ಒಳತೊಡೆಯಲ್ಲಿ, ಎದೆಯಲ್ಲಿ, ಬೆನ್ನಿನ ಪಕ್ಕದಲ್ಲಿ, ಗದ್ದದಡಿಯಲ್ಲಿ ಸಡಿಲಾಗಿ ಉಳಿಯುತ್ತದೆ. ಸುಮಾರು 45 ಕಿಲೊ, ಇಲ್ಲವೇ ಇರಬೇಕಾದುದಕ್ಕಿಂತ ಹೆಚ್ಚಿಗೆ ಇದ್ದ ತೂಕದ ಅರ್ಧದಷ್ಟನ್ನು ಕಳೆದುಕೊಳ್ಳುವುದನ್ನು ವೈದ್ಯರು ಭಾರೀ ತೂಕ ಇಳಿಕೆ ಎಂದು ಲೆಕ್ಕ ಹಾಕುತ್ತಾರೆ. ತೂಕ ಇಳಿಸಲೆಂದೇ ಮಾಡುವ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರ ಈ ಮಟ್ಟ ಮುಟ್ಟಿದವರಲ್ಲಿ ಬಹುಪಾಲು ಜನರಿಗೆ ಸಡಿಲ ಚರ್ಮ ತಪ್ಪಿದ್ದಲ್ಲ. ಜಾಹೀರಾತುಗಳ ‘ಮೊದಲು–ಆಮೇಲೆ’ ಚಿತ್ರಗಳಲ್ಲಿ ಇದು ಕಾಣಿಸುವುದು ಅಪರೂಪ. ಹಾಗಾಗಿ ಮೊದಲ ಬಾರಿ ನೋಡಿದವರು ತಾವೇ ಏನೋ ತಪ್ಪು ಮಾಡಿದೆವೆಂದು ಭಾವಿಸುತ್ತಾರೆ.

ಚರ್ಮದ ಮೇಲ್ಪದರ ಕೆಲವು ವಾರಗಳಿಗೊಮ್ಮೆ ಪೂರ್ತಿ ಹೊಸದಾಗುತ್ತದೆ; ಅದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಅದರ ಕೆಳಗಿನ ಒಳಚರ್ಮದಲ್ಲಿ. ಒಳಚರ್ಮದ ಒಣತೂಕದ ಮುಕ್ಕಾಲು ಪಾಲು ಕೊಲಾಜನ್ ಎಂಬ ಪ್ರೋಟೀನ್. ಅದು ಚರ್ಮಕ್ಕೆ ಗಟ್ಟಿತನ ಕೊಡುತ್ತದೆ. ಎಳೆದಾಗ ಹಿಗ್ಗಿ, ಬಿಟ್ಟಾಗ ಮೊದಲಿನ ಸ್ಥಿತಿಗೆ ಮರಳುವ ಗುಣ ಬರುವುದು ಇನ್ನೊಂದು ಪ್ರೋಟೀನಾದ ಎಲಾಸ್ಟಿನ್‌ನಿಂದ. ಅದರ ಪ್ರಮಾಣ ಬಹಳ ಕಡಿಮೆ, ನೂರಕ್ಕೆ ಎರಡರಿಂದ ನಾಲ್ಕು ಪಾಲು. ದೇಹವು ಎಲಾಸ್ಟಿನ್‌ನ ಬಹುಪಾಲನ್ನು ಗರ್ಭದಲ್ಲಿರುವಾಗ ಮತ್ತು ಬಾಲ್ಯದಲ್ಲೇ ನೇಯ್ದಿಟ್ಟುಬಿಡುತ್ತದೆ, ಆ ಎಳೆಗಳು ದಶಕಗಟ್ಟಲೆ ಬಾಳುತ್ತವೆ. ಆದರೆ ಒಮ್ಮೆ ಹರಿದರೆ ಅಷ್ಟೇ ಅಚ್ಚುಕಟ್ಟಾಗಿ ಮತ್ತೆ ನೇಯಲು ದೇಹಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ಹಿಗ್ಗಿಯೇ ಇದ್ದ ಚರ್ಮ ಹಳೆಯ ಲಂಗದ ಎಲಾಸ್ಟಿಕ್ಕಿನಂತೆ ಜಗ್ಗಿಹೋಗಿರುತ್ತದೆ. ಭಾರೀ ತೂಕ ಇಳಿಸಿದವರ ಚರ್ಮವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕೊಲಾಜನ್ ಎಳೆಗಳು ತೆಳ್ಳಗಾಗಿ ದಿಕ್ಕುತಪ್ಪಿರುವುದೂ ಎಲಾಸ್ಟಿನ್ ಎಳೆಗಳು ತುಂಡಾಗಿರುವುದೂ ಕಾಣುತ್ತವೆ. ಹೊಟ್ಟೆ, ಸೊಂಟದ ಮೇಲೆ ಮೂಡುವ ಬಿಳಿ ಗೀರುಗಳು ಈ ಹರಿಯುವಿಕೆಯ ಹೊರಗುರುತು.

ಯಾರ ಚರ್ಮ ಎಷ್ಟು ಕುಗ್ಗೀತು ಎಂಬುದನ್ನು ನಿರ್ಧರಿಸುವ ಸಂಗತಿಗಳಲ್ಲಿ ಮೊದಲನೆಯದು ಇಳಿದ ತೂಕದ ಮೊತ್ತ. ಹತ್ತು ಕಿಲೊ ಇಳಿಸಿದ ಯುವಕನ ಚರ್ಮ ಬಹುತೇಕ ಸರಿಹೋಗುತ್ತದೆ, 60 ಕಿಲೊ ಇಳಿಸಿದರೆ ಯುವಕನಾದರೂ ಪೂರ್ತಿ ಸರಿಹೋಗದು. ಎರಡನೆಯದು ವಯಸ್ಸು. ಮೂರನೆಯದು ದಪ್ಪಗಿದ್ದ ಕಾಲಾವಧಿ: ಬಾಲ್ಯದಿಂದ ಸ್ಥೂಲಕಾಯವಿದ್ದವರ ಚರ್ಮಕ್ಕೂ ಹೆರಿಗೆಯ ನಂತರ ಒಂದೆರಡು ವರ್ಷ ದಪ್ಪಗಾಗಿದ್ದವರ ಚರ್ಮಕ್ಕೂ ಬಹಳ ವ್ಯತ್ಯಾಸವಿದೆ. ವಂಶಗುಣ, ಹೆರಿಗೆಗಳ ಸಂಖ್ಯೆ, ಮತ್ತೆ ಮತ್ತೆ ಏರಿಳಿಯುವ ತೂಕ, ಧೂಮಪಾನ ಇವೆಲ್ಲ ಸೇರಿಕೊಳ್ಳುತ್ತವೆ. ಬಿಸಿಲು ಕೂಡ ಎಲಾಸ್ಟಿನ್‌ಗೆ ವೈರಿಯೇ. ಆದರೆ ಸೀರೆ, ಅಂಗಿಗಳಡಿ ಮುಚ್ಚಿರುವ ಹೊಟ್ಟೆ, ತೊಡೆಗಳಿಗಿಂತ ಮುಖ, ಕುತ್ತಿಗೆ, ಮುಂಗೈಗಳ ಮೇಲೆ ಅದರ ಪೆಟ್ಟು ಹೆಚ್ಚು.

‘ನಿಧಾನವಾಗಿ ಇಳಿಸಿದರೆ ಚರ್ಮ ಜೋತುಬೀಳುವುದಿಲ್ಲ’ ಎಂಬ ಮಾತು ಜಿಮ್‌ಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಇದಕ್ಕೆ ಗಟ್ಟಿ ಆಧಾರವಿಲ್ಲ. ವಾರಕ್ಕೆ ಅರ್ಧದಿಂದ ಒಂದು ಕಿಲೊ ಎಂಬ ವೈದ್ಯರ ಸಲಹೆ ಸರಿಯಾದದ್ದೇ. ಆದರೆ ಅದು ಕಾಯುವುದು ಚರ್ಮವನ್ನಲ್ಲ. ಪಿತ್ತಕೋಶ, ಸ್ನಾಯು, ಹೃದಯಗಳನ್ನು. ಈ ಎರಡನ್ನೂ ಕಲಸಿಕೊಂಡವರು ಚರ್ಮದ ಭಯದಿಂದ ತೂಕ ಇಳಿಸುವುದನ್ನೇ ಮುಂದೂಡುತ್ತಾರೆ, ಇಲ್ಲವೇ ಚರ್ಮದ ಚಿಂತೆ ಇಲ್ಲವೆಂದು ವೇಗದ ಅಪಾಯವನ್ನು ಮರೆಯುತ್ತಾರೆ.

ಪಿತ್ತಕೋಶದ ಕಲ್ಲು ಈ ಅಪಾಯಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಕೊಬ್ಬು ವೇಗವಾಗಿ ಕರಗುವಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಯುತ್ತದೆ. ಊಟದಲ್ಲಿ ಎಣ್ಣೆ, ತುಪ್ಪ ತೀರಾ ಕಡಿಮೆಯಾದರೆ ಪಿತ್ತಕೋಶ ಹಿಂಡಿಕೊಳ್ಳುವುದೂ ಕಡಿಮೆಯಾಗಿ ರಸ ಅಲ್ಲೇ ನಿಂತು ಹರಳುಗಟ್ಟುತ್ತದೆ. ವಾರಕ್ಕೆ ಒಂದೂವರೆ ಕಿಲೊಗಿಂತ ವೇಗವಾಗಿ ಇಳಿದಾಗ ಈ ಅಪಾಯ ಏರುತ್ತದೆ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಆರು ತಿಂಗಳು ಅನೇಕರಿಗೆ ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಡುವುದು ಇದಕ್ಕಾಗಿಯೇ. ಕೊಬ್ಬು ಪೂರ್ತಿ ಬಿಟ್ಟು ಬರೀ ಹಣ್ಣಿನ ರಸದಲ್ಲಿ ದಿನ ತಳ್ಳುವ ಪಥ್ಯಗಳು ಈ ದೃಷ್ಟಿಯಿಂದ ಮೂರ್ಖತನವೇ.

ಹೃದಯದ ಅಪಾಯ ಅಪರೂಪ, ಆದರೆ ಅದರ ಇತಿಹಾಸ ಕಹಿಯಾದದ್ದು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನನ್ನಷ್ಟೇ ಕುಡಿದು ದಿನಕ್ಕೆ 300–400 ಕ್ಯಾಲರಿಯಲ್ಲಿ ಬದುಕುವ ಪಥ್ಯ ಹುಚ್ಚಿನಂತೆ ಹರಡಿತು. ಸುಮಾರು 60 ಮಂದಿ ಸತ್ತರು. ಅವರಲ್ಲಿ ಹಲವರ ಹೃದಯದ ಬಡಿತ ತಾಳತಪ್ಪಿ ನಿಂತಿತ್ತು. ವಿಚಿತ್ರವೆಂದರೆ ಆ ದ್ರವವನ್ನು ತಯಾರಿಸುತ್ತಿದ್ದದ್ದು ದನದ ಚರ್ಮ, ಸ್ನಾಯುರಜ್ಜುಗಳ ಕೊಲಾಜನ್‌ನಿಂದ. ಅಗತ್ಯ ಅಮೈನೊ ಆಮ್ಲಗಳ ಕೊರತೆಯಿದ್ದ ಆ ಪ್ರೋಟೀನ್ ದೇಹದ ಸ್ನಾಯುಗಳನ್ನು ಉಳಿಸಲಿಲ್ಲ. ಇಂದು ಸುಂದರ ಡಬ್ಬಿಗಳಲ್ಲಿ ಮಾರಾಟವಾಗುವ ಕೊಲಾಜನ್ ಪುಡಿಯ ಹತ್ತಿರದ ಸಂಬಂಧಿ ಅದು.

ವೇಗದ ತುದಿಯ ಉದಾಹರಣೆ ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೆರಿಯವರದು. 1965–66ರಲ್ಲಿ ಡಂಡಿಯ ವೈದ್ಯರ ನಿಗಾದಲ್ಲಿ ಅವರು 382 ದಿನ ಊಟವನ್ನೇ ಮಾಡದೆ ನೀರು, ವಿಟಮಿನ್, ಲವಣಗಳ ಮೇಲಿದ್ದು 207 ಕಿಲೊದಿಂದ 82ಕ್ಕೆ ಇಳಿದರು. ವಾರಕ್ಕೆ ಎರಡು ಕಿಲೊ ದಾಟಿದ ವೇಗ ಅದು. ಐದು ವರ್ಷದ ನಂತರ ಅವರ ತೂಕ 89 ಕಿಲೊ ಇತ್ತೆಂದು ವೈದ್ಯರು 1973ರಲ್ಲಿ ದಾಖಲಿಸಿದರು. ಆದರೆ 1960ರ ದಶಕದಲ್ಲೇ ಉಪವಾಸ ಚಿಕಿತ್ಸೆಯ ನಡುವೆ ಸತ್ತವರ ವರದಿಗಳೂ ಇವೆ. ಒಬ್ಬರು ಬದುಕುಳಿದರೆಂಬುದು ಆ ದಾರಿ ಕ್ಷೇಮವೆಂಬುದಕ್ಕೆ ಸಾಕ್ಷಿಯಾಗದು.

ವೇಗವಾಗಿ ಇಳಿದದ್ದು ವೇಗವಾಗಿ ಮರಳುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮೆಲ್ಬರ್ನ್‌ನ ಸಂಶೋಧಕರು 200 ಮಂದಿಯಲ್ಲಿ ಅರ್ಧದಷ್ಟು ಜನರಿಗೆ 12 ವಾರದಲ್ಲೂ ಉಳಿದವರಿಗೆ 36 ವಾರದಲ್ಲೂ ತೂಕ ಇಳಿಸುವ ಪಥ್ಯ ಕೊಟ್ಟು, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷದ ಹೊತ್ತಿಗೆ ಎರಡೂ ಗುಂಪುಗಳಲ್ಲಿ ಕಳೆದ ತೂಕದ ಸುಮಾರು 70 ಶೇಕಡಾ ಮರಳಿ ಬಂದಿತ್ತು. ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825–853 ಕ್ಯಾಲರಿಯ ದ್ರವಾಹಾರ ಕೊಡಲಾಯಿತು. ವರ್ಷದ ಕೊನೆಗೆ 46 ಶೇಕಡಾ ಜನರ ಮಧುಮೇಹ ಔಷಧವಿಲ್ಲದೆ ಹತೋಟಿಗೆ ಬಂದಿತ್ತು. ವೈದ್ಯರ ಕಣ್ಗಾವಲಿದ್ದರೆ ವೇಗಕ್ಕೂ ಅದರದೇ ಜಾಗವಿದೆ ಎಂದಾಯಿತು. ಕಣ್ಗಾವಲಿಲ್ಲದೆ 800 ಕ್ಯಾಲರಿಗಿಂತ ಕೆಳಗಿಳಿಯುವುದು ಬೇರೆ ಮಾತು.

ಅಮೆರಿಕದ ‘ದಿ ಬಿಗ್ಗೆಸ್ಟ್ ಲೂಸರ್’ ಎಂಬ ತೂಕ ಇಳಿಸುವ ಟಿ.ವಿ. ಸ್ಪರ್ಧೆಯ 14 ಮಂದಿಯನ್ನು ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು ಆರು ವರ್ಷದ ನಂತರ ಮತ್ತೆ ಪರೀಕ್ಷಿಸಿದರು. 30 ವಾರಗಳಲ್ಲಿ ಸರಾಸರಿ 58 ಕಿಲೊ ಇಳಿಸಿದ್ದವರು 41 ಕಿಲೊ ಮರಳಿ ಪಡೆದಿದ್ದರು. ಅವರ ದೇಹ ವಿಶ್ರಾಂತಿಯಲ್ಲಿದ್ದಾಗ ದಿನಕ್ಕೆ ಖರ್ಚುಮಾಡುವ ಶಕ್ತಿ, ಆ ತೂಕಕ್ಕೆ ನಿರೀಕ್ಷಿಸಬಹುದಾದುದಕ್ಕಿಂತ ಸುಮಾರು 500 ಕ್ಯಾಲರಿ ಕಡಿಮೆಯೇ ಇತ್ತು. ತೂಕ ಹೀಗೆ ಏರಿಳಿದಾಗಲೆಲ್ಲ ಚರ್ಮ ಮತ್ತೊಮ್ಮೆ ಹಿಗ್ಗುತ್ತದೆ. ಆದ್ದರಿಂದ ಚರ್ಮದ ಮಟ್ಟಿಗೆ ಯೋಚಿಸಬೇಕಾದದ್ದು ಎಷ್ಟು ವೇಗ ಎಂಬುದಕ್ಕಿಂತ ಇಳಿದ ತೂಕ ನಿಲ್ಲುತ್ತದೆಯೇ ಎಂಬುದು.

ಈಗ ತೂಕ ಇಳಿಸುವ ಚುಚ್ಚುಮದ್ದುಗಳ ಕಾಲ. ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಮುಖ್ಯ ಪ್ರಯೋಗಗಳಲ್ಲಿ ಸೆಮಾಗ್ಲುಟೈಡ್ 68 ವಾರಗಳಲ್ಲಿ ದೇಹತೂಕದ ಸರಾಸರಿ 15 ಶೇಕಡಾ, ಟಿರ್ಜೆಪಟೈಡ್‌ನ ಗರಿಷ್ಠ ಪ್ರಮಾಣ 72 ವಾರಗಳಲ್ಲಿ ಸುಮಾರು 21 ಶೇಕಡಾ ಇಳಿಸಿದವು. ಕೆನ್ನೆ ಒಳಸೇರಿ ಮುಖ ಬಾಡಿದಂತೆ ಕಾಣುವುದಕ್ಕೆ ಪತ್ರಿಕೆಗಳು ಸೆಮಾಗ್ಲುಟೈಡ್‌ನ ಒಂದು ಮಾರಾಟದ ಹೆಸರಿನಿಂದ ‘ಓಜೆಂಪಿಕ್ ಮುಖ’ ಎಂದು ಹೆಸರಿಟ್ಟಿವೆ. ಅದು ಔಷಧದ ವಿಶೇಷ ದೋಷವಲ್ಲ, ಯಾವ ದಾರಿಯಿಂದ ತೂಕ ಇಳಿದರೂ ಮುಖದ ಕೊಬ್ಬು ಇಳಿದೇ ಇಳಿಯುತ್ತದೆ. ಈ ಔಷಧಗಳ ಪ್ರಮಾಣವನ್ನು ನಾಲ್ಕು ವಾರಕ್ಕೊಮ್ಮೆ ಮೆಟ್ಟಿಲಾಗಿ ಏರಿಸುವುದು ವಾಂತಿ, ವಾಕರಿಕೆಯನ್ನು ತಡೆಯಲು. ಬೇಗ ಫಲ ಬರಲೆಂದು ಮೆಟ್ಟಿಲು ಹಾರುವವರಿಗೆ ಊಟ ಸೇರದೆ ಸ್ನಾಯುವೂ ಕರಗುತ್ತದೆ.

ಇಳಿಯುವ ಪ್ರತಿ ನಾಲ್ಕು ಕಿಲೊದಲ್ಲಿ ಸರಿಸುಮಾರು ಒಂದು ಕಿಲೊ ಕೊಬ್ಬಲ್ಲದ ಅಂಶ, ಅದರಲ್ಲಿ ಸ್ನಾಯುವೂ ಸೇರಿದೆ. ಇದನ್ನು ಕಡಿಮೆ ಮಾಡುವ ಉಪಾಯ ಎರಡೇ: ಭಾರ ಎತ್ತುವ ವ್ಯಾಯಾಮ ಮತ್ತು ಸಾಕಷ್ಟು ಪ್ರೋಟೀನ್. ಸಾಮಾನ್ಯ ವಯಸ್ಕರಿಗೆ ಕಿಲೊ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. ತೂಕ ಇಳಿಸುವಾಗ 1.2 ಗ್ರಾಂ ಅಥವಾ ಅದಕ್ಕೂ ತುಸು ಹೆಚ್ಚು ಬೇಕಾಗುತ್ತದೆ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಈ ಲೆಕ್ಕ ಅನ್ವಯಿಸದು. ಕನ್ನಡನಾಡಿನ ಮಾಮೂಲಿ ಊಟಕ್ಕೆ ಇದು ಸುಲಭದ ಗುರಿಯಲ್ಲ. ಒಂದು ತಟ್ಟೆ ಅನ್ನ, ತಿಳಿಸಾರು, ಒಂದು ಸೌಟು ಮೊಸರಿನಲ್ಲಿ ಸಿಗುವ ಪ್ರೋಟೀನ್ 10–15 ಗ್ರಾಂ ದಾಟುವುದು ಕಷ್ಟ. ಪೌಷ್ಟಿಕವೆಂದು ಹೆಸರಾದ ರಾಗಿಯಲ್ಲೂ ನೂರು ಗ್ರಾಂ ಹಿಟ್ಟಿಗೆ ಏಳು ಗ್ರಾಂ ಅಷ್ಟೇ. ಮೊಳಕೆ ಹೆಸರುಕಾಳಿನ ಉಸಲಿ, ಗಟ್ಟಿ ಬೇಳೆ, ಸೋಯಾ, ಪನೀರ್, ಮೊಟ್ಟೆ, ಮೀನು, ಕೋಳಿ ಇವುಗಳಲ್ಲಿ ಯಾವುದಾದರೂ ಪ್ರತಿ ಹೊತ್ತಿನ ತಟ್ಟೆಯಲ್ಲಿರಬೇಕು, ಅನ್ನ ಅಷ್ಟರಮಟ್ಟಿಗೆ ಹಿಂದೆ ಸರಿಯಬೇಕು. ಉಳಿದ ಸ್ನಾಯು ತೋಳು, ತೊಡೆಗಳನ್ನು ಒಂದಿಷ್ಟು ತುಂಬಿಸುತ್ತದೆ. ಚರ್ಮವನ್ನು ಬಿಗಿಗೊಳಿಸುವ ವ್ಯಾಯಾಮ ಮಾತ್ರ ಯಾವುದೂ ಇಲ್ಲ.

ಸಡಿಲ ಚರ್ಮದ ದಿನನಿತ್ಯದ ಗೋಳು ಅಂದಕ್ಕಿಂತ ಹೆಚ್ಚಾಗಿ ತುರಿಕೆಯದು. ಮಡಿಕೆಯ ಒಳಗೆ ಬೆವರು ಆರುವುದಿಲ್ಲ. ಚರ್ಮಕ್ಕೆ ಚರ್ಮ ಉಜ್ಜಿ ಕೆಂಪಾಗಿ, ಉರಿಯಾಗಿ, ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ಇದು ಇನ್ನೂ ಜಾಸ್ತಿ. ಸ್ನಾನದ ನಂತರ ಮಡಿಕೆಯನ್ನು ಎತ್ತಿ ಒತ್ತಿ ಒರೆಸಿ ಆರಲು ಬಿಡುವುದು, ಮಡಿಕೆಯ ನಡುವೆ ಮೆತ್ತನೆಯ ಹತ್ತಿಬಟ್ಟೆ ಇಡುವುದು, ಓಡಾಡುವಾಗ ಮೈಗೆ ಹತ್ತಿದಂಥ ಬಿಗಿ ಒಳಉಡುಪು ತೊಡುವುದು ಬಹಳಷ್ಟು ಜನರಿಗೆ ಸಾಕಾಗುತ್ತದೆ. ಔಷಧದಂಗಡಿಯಲ್ಲಿ ‘ತುರಿಕೆಗೆ’ ಎಂದು ಕೇಳಿದರೆ ಸಿಗುವ ಟ್ಯೂಬುಗಳ ಬಗ್ಗೆ ಎಚ್ಚರ ಬೇಕು. ಅವುಗಳಲ್ಲಿ ಅನೇಕ ಟ್ಯೂಬುಗಳಲ್ಲಿ ಶಿಲೀಂಧ್ರನಾಶಕದ ಜೊತೆ ತೀಕ್ಷ್ಣ ಸ್ಟೆರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ಉರಿ ಶಮನವಾಗುತ್ತದೆ, ಸೋಂಕು ಒಳಗೊಳಗೇ ಹರಡುತ್ತದೆ, ಮೊದಲೇ ಸೋತ ಚರ್ಮ ಮತ್ತಷ್ಟು ತೆಳ್ಳಗಾಗಿ ಹೊಸ ಗೀರುಗಳು ಮೂಡುತ್ತವೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿದರೂ ಚೀಟಿ ಕೇಳುವ ಅಂಗಡಿಗಳು ಎಷ್ಟಿವೆಯೆಂದು ಎಲ್ಲರಿಗೂ ಗೊತ್ತಿದೆ.

ಬಿಗಿ ಮಾಡುತ್ತೇವೆನ್ನುವ ಕ್ರೀಮುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೊಲಾಜನ್ ಅಣು ದೊಡ್ಡದು. ಹಚ್ಚಿದರೆ ಒಳಚರ್ಮಕ್ಕೆ ಇಳಿಯದು. ರೇಡಿಯೊ ತರಂಗ, ಅಲ್ಟ್ರಾಸೌಂಡ್, ಲೇಸರ್ ಯಂತ್ರಗಳು ಸ್ವಲ್ಪ ಸಡಿಲಿಕೆಯಿದ್ದವರಿಗೆ ಸ್ವಲ್ಪ ಫಲ ಕೊಡಬಹುದು, ಇಳಿಬಿದ್ದ ಮಡಿಕೆಯನ್ನು ಅವು ಎತ್ತಲಾರವು. ತೂಕ ಒಂದೇ ಮಟ್ಟದಲ್ಲಿ ನಿಂತ ಮೇಲೂ ಚರ್ಮ ವರ್ಷವೊಂದೆರಡರ ತನಕ ತುಸು ತುಸು ಕುಗ್ಗುತ್ತಿರುವುದುಂಟು. ಆಮೇಲೂ ಉಳಿದದ್ದಕ್ಕೆ ಇರುವುದು ಕತ್ತರಿಯ ದಾರಿಯೊಂದೇ.

ಆ ದಾರಿ ಹೊಸದಲ್ಲ. ಬಾಲ್ಟಿಮೋರಿನ ಸ್ತ್ರೀರೋಗ ತಜ್ಞ ಹೊವಾರ್ಡ್ ಕೆಲ್ಲಿ 1899ರಲ್ಲೇ ಮಹಿಳೆಯೊಬ್ಬರ ಹೊಟ್ಟೆಯಿಂದ ಏಳು ಕಿಲೊಗಿಂತ ಹೆಚ್ಚು ತೂಗುವ ಚರ್ಮ–ಕೊಬ್ಬಿನ ಮಡಿಕೆ ತೆಗೆದಿದ್ದರು. ಬ್ರೆಜಿಲ್‌ನ ಪ್ಲಾಸ್ಟಿಕ್ ಸರ್ಜನ್ ಇವೊ ಪಿಟಾಂಗಿ 1960ರ ದಶಕದಲ್ಲಿ ಗಾಯದ ಗೆರೆಯನ್ನು ಒಳಉಡುಪಿನ ಅಂಚಿನ ಕೆಳಗಿಳಿಸುವ ವಿಧಾನವನ್ನು ಜನಪ್ರಿಯಗೊಳಿಸಿದರು. ಇಂದು ಬರೀ ಇಳಿಬಿದ್ದ ಮಡಿಕೆ ತೆಗೆಯುವುದು ಒಂದು, ಜೊತೆಗೆ ಹೊಟ್ಟೆಯ ಸ್ನಾಯುಗಳನ್ನೂ ಹೊಲಿದು ಬಿಗಿಗೊಳಿಸುವ ‘ಟಮ್ಮಿ ಟಕ್’ ಇನ್ನೊಂದು. ಸೊಂಟದ ಸುತ್ತಲೂ ಚರ್ಮ ಜೋತಿದ್ದರೆ ಬೆಲ್ಟಿನ ಆಕಾರದಲ್ಲಿ ಸುತ್ತ ಕತ್ತರಿಸುತ್ತಾರೆ. ತೋಳು, ತೊಡೆ, ಎದೆಗಳಿಗೆ ಬೇರೆ ಬೇರೆ ಶಸ್ತ್ರಕ್ರಿಯೆಗಳಿವೆ. ಎಲ್ಲವನ್ನೂ ಒಂದೇ ದಿನ ಮಾಡುವುದಿಲ್ಲ. ಕೆಲವು ತಿಂಗಳ ಅಂತರ ಕೊಡುತ್ತಾರೆ.

ಸಮಯದ ಪ್ರಶ್ನೆ ಇಲ್ಲಿಯೂ ಮುಖ್ಯ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯಾಗಿ 12ರಿಂದ 18 ತಿಂಗಳು ಕಳೆದು, ಕೊನೆಯ ಮೂರರಿಂದ ಆರು ತಿಂಗಳು ತೂಕ ಅಲುಗದೆ ನಿಂತಿರಬೇಕೆಂದು ಪ್ಲಾಸ್ಟಿಕ್ ಸರ್ಜನ್‌ಗಳು ಕೇಳುತ್ತಾರೆ. ಅದಕ್ಕೆ ಮುಂಚೆ ಮಾಡಿಸಿದರೆ ಇನ್ನಷ್ಟು ತೂಕ ಇಳಿದು ಚರ್ಮ ಮತ್ತೆ ಸಡಿಲಾಗುತ್ತದೆ. ಮಗು ಬೇಕೆನ್ನುವ ಮಹಿಳೆಯರಿಗೆ ಹೊಟ್ಟೆಯ ಶಸ್ತ್ರಕ್ರಿಯೆಯನ್ನು ಹೆರಿಗೆಯ ನಂತರಕ್ಕೆ ಇಟ್ಟುಕೊಳ್ಳಲು ಹೇಳುತ್ತಾರೆ. ಬೇಗ ತೂಕ ಇಳಿಸಿದವರ ರಕ್ತದಲ್ಲಿ ಕಬ್ಬಿಣ, ಬಿ12, ಪ್ರೋಟೀನ್ ಕಡಿಮೆಯಿರುವುದು ಸಾಮಾನ್ಯ, ಅದನ್ನು ಸರಿಪಡಿಸದೆ ಕತ್ತರಿ ಹಾಕಿದರೆ ಗಾಯ ಕೂಡುವುದಿಲ್ಲ. ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು. ಶಸ್ತ್ರಕ್ರಿಯೆಯ ನಂತರ ಚರ್ಮದಡಿ ನೀರು ತುಂಬಿಕೊಳ್ಳುವುದು, ಹೊಲಿಗೆಯ ಅಂಚು ಬಿಚ್ಚಿಕೊಳ್ಳುವುದು ಆಗಾಗ ಕಾಣುವ ತೊಡಕುಗಳು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು ಅಪರೂಪ, ಆದರೆ ಪ್ರಾಣಕ್ಕೇ ಬರುವಂಥದ್ದು; ಅದಕ್ಕೇ ರೋಗಿಯನ್ನು ಆದಷ್ಟು ಬೇಗ ಎಬ್ಬಿಸಿ ನಡೆಸುತ್ತಾರೆ. ಗಾಯದ ಗೆರೆ ಉದ್ದದ್ದು, ಶಾಶ್ವತವಾದದ್ದು. ಭಾರತೀಯರ ಚರ್ಮದಲ್ಲಿ ಅದು ಕಪ್ಪಾಗುವ, ಉಬ್ಬುವ ಸಾಧ್ಯತೆ ಹೆಚ್ಚು. ಅದು ಮಾಗಿ ಮಾಸಲು ವರ್ಷವಾದರೂ ಬೇಕು.

ಖರ್ಚಿನ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕಾಗುತ್ತದೆ. ಆರೋಗ್ಯ ವಿಮೆಗಳು ನಿಗದಿತ ಷರತ್ತುಗಳಡಿ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಯ ಖರ್ಚು ಭರಿಸುತ್ತವೆ. ಸೌಂದರ್ಯಕ್ಕಾಗಿ ಮಾಡುವ ಪ್ಲಾಸ್ಟಿಕ್ ಸರ್ಜರಿ ಅವುಗಳ ಹೊರಗಿಡುವ ಪಟ್ಟಿಯಲ್ಲಿದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಅಥವಾ ಆರೋಗ್ಯಕ್ಕೆ ನೇರ ಅಪಾಯವಿದೆಯೆಂದು ವೈದ್ಯರು ದೃಢಪಡಿಸಿದ ಪ್ರಕರಣಗಳಿಗಷ್ಟೇ ವಿನಾಯಿತಿ. ಮಡಿಕೆಯಲ್ಲಿ ಮರುಕಳಿಸುವ ಸೋಂಕು, ವಾಸಿಯಾಗದ ಹುಣ್ಣು ಇದ್ದವರು ಪ್ರತಿ ಬಾರಿಯೂ ವೈದ್ಯರಿಗೆ ತೋರಿಸಿ ಚೀಟಿ, ಫೋಟೊಗಳನ್ನು ಕಾಪಿಟ್ಟುಕೊಂಡು, ಶಸ್ತ್ರಕ್ರಿಯೆಯ ದಿನ ಗೊತ್ತುಮಾಡುವ ಮುನ್ನವೇ ವಿಮಾ ಕಂಪನಿಯಿಂದ ಲಿಖಿತ ಒಪ್ಪಿಗೆ ಕೇಳಬಹುದು.