ಸೊಪ್ಪಿನ ಬೆಟ್ಟಕ್ಕೆ ಪರದೇಶಿ ಗಿಡಗಳ ಲಗ್ಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ (ಬೆಳೆಗಾರರು ಸೊಪ್ಪು ತರುವ ಕಾಡಿನ) ಸೌಲಭ್ಯವಿದೆ. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು (ಒಣ ಎಲೆ) ಬರುವುದು ಇಲ್ಲಿಂದಲೇ.

ಇಂಥ ಬೆಟ್ಟಗಳಿಗೆ ಅಮೆರಿಕ ಖಂಡ ಮೂಲದ ಎರಡು ಗಿಡಗಳು ನುಗ್ಗಿವೆ: ಲಂಟಾನ ಮತ್ತು ಯುಪಟೋರಿಯಂ. ಲಂಟಾನದ ಕಪ್ಪು ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತವೆ. ಯುಪಟೋರಿಯಂ ಬೀಜ ಗಾಳಿಯಲ್ಲಿ ತೇಲಿಬರುತ್ತದೆ.

ಸೊಪ್ಪಿಗಾಗಿ ಮರಗಳ ಕೊಂಬೆ ಅತಿಯಾಗಿ ಸವರಿ ನೆಲಕ್ಕೆ ಬಿಸಿಲು ಬಿದ್ದಲ್ಲಿ ಎರಡೂ ದಟ್ಟ ಪೊದೆಯಾಗುತ್ತವೆ. ಅಡಿಯಲ್ಲಿರುವ ಮತ್ತಿ, ನಂದಿ, ಹೊನ್ನೆಯ ಎಳೆ ಸಸಿಗಳು ಬೆಳಕಿಲ್ಲದೆ ಸೊರಗುತ್ತವೆ.

ಬೇಸಿಗೆಯಲ್ಲಿ ಒಣ ಯುಪಟೋರಿಯಂಗೆ ಕಿಡಿ ತಾಗಿದರೆ ಅಳಿದುಳಿದ ಸಸಿಗಳೂ ಸುಡುತ್ತವೆ. ಯುಪಟೋರಿಯಂ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ.

ಹೂ ಬಿಡುವ ಮೊದಲೇ ಬೇರುಸಹಿತ ಕೀಳುವುದು, ಕೊಂಬೆಗಳನ್ನು ಮಿತವಾಗಿ ಸವರಿ ನೆರಳು ಉಳಿಸುವುದು ಇದಕ್ಕೆ ಪರಿಹಾರ.