ಸಾಕುಮೊಲದ ಮಿಶ್ರತಳಿ: ಕೂಡಿಸುವ ಮುನ್ನ ತಿಳಿಯಬೇಕಾದ ಸಂಗತಿಗಳು

ಕನ್ನಡದಲ್ಲಿ ಮೊಲವೆಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಪ್ರಾಣಿಗಳನ್ನು ಕರೆಯುತ್ತೇವೆ. ಊರ ಹೊಲದ ಬದುವಿನಿಂದ ಚಂಗನೆ ನೆಗೆದು ಓಡುವ ಕಾಡುಮೊಲ ಒಂದು. ಪುಣೆಯ ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಸಾಕುಮೊಲ ಇನ್ನೊಂದು. ಕಾಡುಮೊಲದ ಮರಿ ಮೈತುಂಬ ಕೂದಲಿನೊಡನೆ ಕಣ್ಣು ತೆರೆದೇ ಹುಟ್ಟುತ್ತದೆ. ಸಾಕುಮೊಲದ ಮರಿ ಬರಿಮೈಯಲ್ಲಿ ಹುಟ್ಟಿ, ಸುಮಾರು ಹತ್ತು ದಿನದ ಮೇಲೆ ಕಣ್ಣು ಬಿಡುತ್ತದೆ. ಇದರ ಮೂಲ ಸ್ಪೇನ್, ಪೋರ್ತುಗಲ್ ದೇಶಗಳ ಕಡೆಯದು. ಇದರ ಜೀವಕೋಶದಲ್ಲಿ ೪೪ ವರ್ಣತಂತುಗಳಿದ್ದರೆ ಕಾಡುಮೊಲದಲ್ಲಿ ೪೮ ಇವೆ. ಆದುದರಿಂದ ಇವೆರಡನ್ನು ಕೂಡಿಸಿ ಮರಿ ಪಡೆಯುವೆನೆಂಬುದು ವ್ಯರ್ಥಪ್ರಯತ್ನ. ಅದಕ್ಕಾಗಿ ಕಾಡುಮೊಲವನ್ನು ಹಿಡಿಯುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧವೂ ಹೌದು.

ಮಿಶ್ರತಳಿಯ ಮಾತೆಲ್ಲ ಸಾಕುಮೊಲದ ತಳಿಗಳಿಗೆ ಸಂಬಂಧಿಸಿದ್ದು. ನ್ಯೂಜಿಲೆಂಡ್ ವೈಟ್, ಸೋವಿಯೆತ್ ಚಿಂಚಿಲ್ಲಾ, ವೈಟ್ ಜಾಯಂಟ್ ಮೊದಲಾದವು ಮಾಂಸಕ್ಕೆ ಹೆಸರಾದವು, ಅಂಗೋರಾ ಉಣ್ಣೆಗೆ. ರಾಜಸ್ಥಾನದ ಅವಿಕಾನಗರದ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನ ಸಂಸ್ಥೆಯ ಒಂದು ಶಾಖೆ ಕೊಡೈಕಾನಲ್ ಬಳಿಯ ಮನ್ನವನೂರಿನಲ್ಲಿದ್ದು, ಅಲ್ಲಿ ಮೊಲದ ತಳಿಗಳನ್ನು ಸಾಕುತ್ತಾರೆ.

ಎರಡು ತಳಿ ಬೆರೆತ ಮಾತ್ರಕ್ಕೆ ತಳಿ ಸುಧಾರಿಸುವುದಿಲ್ಲ. ಸುಧಾರಣೆ ಎಂದರೇನು ಎಂಬುದಕ್ಕೆ ಒಳ್ಳೆಯ ಉದಾಹರಣೆ ನಮಗೆ ಸಮೀಪದ ಫಲಟಣದಲ್ಲಿಯೇ ಇದೆ, ಅದು ಕುರಿಯದು. ನಮ್ಮ ಕಡೆಯ ಕಂಬಳಿಗೆ ಉಣ್ಣೆ ಕೊಡುವ ದಖ್ಖನಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುತ್ತದೆ. ಬಂಗಾಳದ ಸುಂದರಬನದ ಗಾರೋಲ್ ಕುರಿ ಮೈಯಲ್ಲಿ ಸಣ್ಣದು, ಆದರೆ ಅವಳಿ ತ್ರಿವಳಿ ಮರಿಗಳನ್ನು ಈಯುತ್ತದೆ. ಫಲಟಣದ ನಿಂಬಕರ ಕೃಷಿ ಸಂಶೋಧನ ಸಂಸ್ಥೆಯವರು ೧೯೯೦ರ ದಶಕದಿಂದ ಇವುಗಳನ್ನು ಕೂಡಿಸಿ, ಹುಟ್ಟಿದ ಮರಿಗಳನ್ನು ತಲೆಮಾರು ತಲೆಮಾರಿಗೆ ಮರಳಿ ದಖ್ಖನಿ ಕುರಿಗಳೊಡನೆ ಕೂಡಿಸುತ್ತ ಬಂದರು. ಅವಳಿಯ ಗುಣವೊಂದನ್ನು ಉಳಿಸಿಕೊಳ್ಳಬೇಕು, ಮೈಕಟ್ಟು ದಖ್ಖನಿಯದೇ ಇರಬೇಕು ಎಂಬುದು ಗುರಿ. ಯಾವ ಮರಿಗೆ ಆ ಗುಣ ಬಂದಿದೆ ಎಂಬುದನ್ನು ರಕ್ತಪರೀಕ್ಷೆಯಿಂದ ಕಂಡುಕೊಂಡರು. ಕುರಿಗಾರರ ಹಿಂಡುಗಳಲ್ಲಿಯೇ ಬಿಟ್ಟು ನೋಡಿದರು. ಗುರಿ, ಲೆಕ್ಕ, ತಾಳ್ಮೆ, ಈ ಮೂರೂ ಅಲ್ಲಿದ್ದವು.

ಮೊಲ ಸಾಕುವವನಿಗೂ ಇವೇ ಬೇಕು. ಉದ್ದಗೂದಲಿನ ಅಂಗೋರಾ ಗಂಡನ್ನೂ ಗಿಡ್ಡಗೂದಲಿನ ಹೆಣ್ಣನ್ನೂ ಕೂಡಿಸಿದನೆನ್ನಿ. ಸಾಮಾನ್ಯವಾಗಿ ಮರಿಗಳೆಲ್ಲ ಗಿಡ್ಡಗೂದಲಿನವೇ ಆಗುತ್ತವೆ. ಉದ್ದಗೂದಲಿನ ಗುಣ ಒಳಗೇ ಅಡಗಿರುತ್ತದೆ. ಆ ಮರಿಗಳ ಸಂತಾನದಲ್ಲಿ ಸರಾಸರಿ ನಾಲ್ಕರಲ್ಲೊಂದಕ್ಕೆ ಮಾತ್ರ ಅದು ಹೊರಬೀಳುತ್ತದೆ. ಬೇಕಾದ ಒಂದು ಮರಿಗಾಗಿ ಬೇಡವಾದ ಮೂರು ಹುಟ್ಟುತ್ತವೆ. ಆ ಮೂರರ ಹೊಣೆ ಯಾರದು?

ಇನ್ನು ಕೆಲವು ಜೋಡಿಗಳನ್ನು ಕೂಡಿಸಲೇಬಾರದು. ಅತಿ ಕುಳ್ಳ ತಳಿಯ ಗಂಡುಹೆಣ್ಣುಗಳೆರಡೂ ಕುಳ್ಳುಗುಣವನ್ನು ಹೊತ್ತಿದ್ದರೆ, ನಾಲ್ಕರಲ್ಲೊಂದು ಮರಿಗೆ ಅದು ಇಮ್ಮಡಿಯಾಗಿ ಬಂದು ಹುಟ್ಟಿದ ಕೆಲವೇ ದಿನಗಳಲ್ಲಿ ಸಾಯುತ್ತದೆ. ಇಂಗ್ಲಿಷ್ ಸ್ಪಾಟ್ ಎಂಬ ಚುಕ್ಕೆಯ ಮೊಲಗಳನ್ನು ತಮ್ಮತಮ್ಮಲ್ಲಿ ಕೂಡಿಸಿದರೆ, ಹೆಚ್ಚು ಬಿಳುಪಾಗಿ ಹುಟ್ಟುವ ಮರಿಗಳಿಗೆ ದೊಡ್ಡಕರುಳು ಊದಿಕೊಂಡು ಚಲನೆ ಕುಂದುವ ರೋಗ ಬರುವುದುಂಟು. ಹಲ್ಲು ಸೊಟ್ಟಗೆ ಬೆಳೆಯುವ ಮೊಲ ಮೇಯಲಾರದೆ ಸೊರಗುತ್ತದೆ. ಈ ದೋಷ ಅನೇಕ ಸಲ ವಂಶಪಾರಂಪರ್ಯವಾದ್ದರಿಂದ ಅದರಿಂದ ಸಂತಾನ ಪಡೆಯಬಾರದು. ನಾಲ್ಕೈದು ಕಿಲೋ ತೂಗುವ ಗಂಡನ್ನು ಸಣ್ಣ ತಳಿಯ ಹೆಣ್ಣಿಗೆ ಕೂಡಿಸಿದರೆ, ಗರ್ಭದಲ್ಲಿ ಮರಿ ದೊಡ್ಡದಾಗಿ ಈಯುವಾಗ ತಾಯಿಯ ಜೀವಕ್ಕೇ ಕುತ್ತು ಬರಬಹುದು.

ಆಕಳಿಗಿರುವಂತೆ ಮೊಲಕ್ಕೆ ಬೆದೆಯ ನಿಯತ ಕಾಲವಿಲ್ಲ. ಗಂಡು ಕೂಡಿದ ಮೇಲೆಯೇ ಅಂಡ ಬಿಡುಗಡೆಯಾಗುತ್ತದೆ. ಗಬ್ಬದ ಅವಧಿ ಸುಮಾರು ೩೧ ದಿನ. ಈದ ದಿನವೇ ಮತ್ತೆ ಗಬ್ಬವಾಗಬಲ್ಲದು. ಸೂಲಿಗೆ ಆರರಂತೆ ವರ್ಷಕ್ಕೆ ಐದು ಸೂಲಾದರೂ ಒಂದು ಜೋಡಿಯಿಂದ ಮೂವತ್ತು ಮರಿ. ಚಾಳಿನ ಒಂದು ಕೋಣೆಯಲ್ಲಿ ಸಂಸಾರ ನಡೆಸುವ ನಮ್ಮವರು ಈ ಲೆಕ್ಕವನ್ನು ಮೊದಲೇ ಹಾಕಬೇಕು. ಜೋಡಿ ಕೊಂಡರೆ ಹಣ ತಾನಾಗಿ ಬೆಳೆಯುವುದೆಂದು ಯಾರಾದರೂ ಆಸೆ ಹುಟ್ಟಿಸಿದರೆ, ಮರಿಗಳನ್ನು ಕೊಳ್ಳುವವರಾರು, ಅಲ್ಲಿಯವರೆಗೆ ಮೇವಿನ ಖರ್ಚೆಷ್ಟು ಎಂದು ಕೇಳಬೇಕು. ಸಂಬಳದ ಹಣ ಕೈಬಿಟ್ಟ ಮೇಲೆ ಕೇಳಿ ಫಲವಿಲ್ಲ.

ಕೂಡಿಸಲೇಬೇಕೆಂದರೆ ನಿಯಮಗಳು ಹೀಗಿವೆ. ಗಂಡುಹೆಣ್ಣುಗಳನ್ನು ಬೇರೆ ಗೂಡಿನಲ್ಲಿಡಿರಿ. ಮರಿಗಳನ್ನು ಮೂರು ತಿಂಗಳು ತುಂಬುವುದರೊಳಗೆ ಹೀಗೆಯೇ ಬೇರ್ಪಡಿಸಿರಿ. ಮಧ್ಯಮ ಗಾತ್ರದ ಹೆಣ್ಣಿಗೆ ಆರು ತಿಂಗಳು ತುಂಬಲಿ. ದೊಡ್ಡ ತಳಿಗೆ ಇನ್ನೂ ತಡವಾಗಲಿ. ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಿರಿ. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಅದು ಕಚ್ಚಾಡುವುದುಂಟು. ಒಡಹುಟ್ಟಿದವುಗಳನ್ನು ಕೂಡಿಸಬೇಡಿರಿ. ಈಯಲು ಹುಲ್ಲು ಹಾಸಿದ ಪೆಟ್ಟಿಗೆ ಇಡಿರಿ. ಪುಣೆಯ ಏಪ್ರಿಲ್-ಮೇ ಬಿಸಿಲಲ್ಲಿ ಗಂಡಿನ ವೀರ್ಯಶಕ್ತಿ ಕುಗ್ಗುತ್ತದೆ, ಗಬ್ಬದ ಹೆಣ್ಣು ಬಳಲುತ್ತದೆ. ಆ ತಿಂಗಳುಗಳನ್ನು ಬಿಟ್ಟುಬಿಡಿರಿ. ತಂದೆ, ತಾಯಿ, ಕೂಡಿಸಿದ ದಿನ, ಹುಟ್ಟಿದ ಮರಿ, ಸತ್ತ ಮರಿ ಇವನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿರಿ.

ಹೆಚ್ಚಾದ ಮರಿಗಳನ್ನು ಗುಡ್ಡಕ್ಕೆ ಬಿಟ್ಟುಬಂದರೆ ಪುಣ್ಯವೆಂದು ಕೆಲವರು ಭಾವಿಸುತ್ತಾರೆ. ಪಂಜರದಲ್ಲಿ ಬೆಳೆದ ಜೀವಕ್ಕೆ ಅಡಗುವ ಬಿಲವೂ ಗೊತ್ತಿಲ್ಲ, ನಾಯಿಯ ಭಯವೂ ಗೊತ್ತಿಲ್ಲ. ಅಂಥ ಬಿಡುಗಡೆ ಸಾವಿಗೆ ಇನ್ನೊಂದು ಹೆಸರು. ಮರಿಗಳನ್ನು ಒಯ್ಯುವ ಮನೆಗಳು ಮೊದಲೇ ಗೊತ್ತಾಗಿರಲಿ. ಗೊತ್ತಾಗದಿದ್ದರೆ ಗೂಡುಗಳು ಬೇರೆಯಾಗಿಯೇ ಇರಲಿ.