ಗೀಜಗನ ಗೂಡಿನ ಕೆಳಗೆ ಓದು

ಮುಂಗಾರು ಹಿಡಿದ ಮೇಲೆ ನಮ್ಮೂರ ಕೆರೆ ಏರಿಯ ಜಾಲಿಮರದಲ್ಲಿ ಗೀಜಗಗಳ ಗದ್ದಲ ಶುರು. ನೀರಿನ ಮೇಲೆ ಚಾಚಿದ ಕೊಂಬೆಗಳ ತುದಿಯಲ್ಲಿ ಗೂಡುಗಳು ತೂಗುತ್ತವೆ. ಕೆಲವಕ್ಕೆ ಉದ್ದನೆಯ ಕೊಳವೆ ಇಳಿದಿದೆ, ಕೆಲವು ಅರ್ಧಕ್ಕೇ ನಿಂತಿವೆ. ಭಾನುವಾರ ಬೆಳಿಗ್ಗೆ ತಂಗಿಯ ಮಗಳ ಜೊತೆ ಅಲ್ಲಿ ಕೂತಿದ್ದೆ. ಮೂರನೇ ಕ್ಲಾಸಿನ ಹುಡುಗಿ. ಕೈಗೊಂದು ಚೀಟಿ ಬರೆದುಕೊಟ್ಟಿದ್ದೆ: “ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ನೋಡುತ್ತದೆ. ಅದು ಒಪ್ಪಿದರೆ ಗಂಡು ಕೊಳವೆ ಹೆಣೆದು ಗೂಡು ಮುಗಿಸುತ್ತದೆ.”

ಒಂದು ಒತ್ತಕ್ಷರವೂ ತಪ್ಪದೆ ಗಳಗಳ ಓದಿದಳು. “ಗಂಡು ಯಾಕೆ ಅರ್ಧಕ್ಕೇ ನಿಲ್ಲಿಸಿತು, ಪುಟ್ಟಿ?”

“ಸುಸ್ತಾಗಿರಬೇಕು, ದೊಡ್ಡಮ್ಮ.”

ಕನ್ನಡದ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕಾಗುಣಿತ ಕೈವಶವಾಯಿತೆಂದರೆ ಬಾಯಿ ಯಾವ ಪದವನ್ನಾದರೂ ಹೇಳಿಬಿಡುತ್ತದೆ. ಅರ್ಥ ಹಿಂದೆ ಉಳಿದದ್ದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಸಂಶೋಧಕರು ಓದಿನ ಗ್ರಹಿಕೆಯನ್ನು ಗುಣಾಕಾರವಾಗಿ ಬರೆದರು. ಅಕ್ಷರ ಬಿಡಿಸುವುದು ಒಂದು, ಮಾತು ತಿಳಿಯುವುದು ಇನ್ನೊಂದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಫಲ ಸೊನ್ನೆ.

ಹಳದಿ ನೆತ್ತಿಯ ಗಂಡೊಂದು ಹುಲ್ಲಿನ ಸೀಳು ಕಚ್ಚಿಕೊಂಡು ಬಂತು. ತಲೆಕೆಳಗಾಗಿ ಜೋತುಬಿದ್ದು, ಸೀಳನ್ನು ಕೊಕ್ಕಿನಿಂದ ಒಳಗೆ ತೂರಿಸಿ, ಆಚೆಯಿಂದ ಎಳೆದು ಬಿಗಿಮಾಡಿತು. ತಳವಿಲ್ಲದ ಗೂಡು, ಅಡ್ಡಕ್ಕೊಂದು ಹೆಣಿಗೆ ಮಾತ್ರ. ಅಷ್ಟರಲ್ಲಿ ಮಾಸಲು ಕಂದುಬಣ್ಣದ ಹೆಣ್ಣು ಬಂದು ಕೂತಿತು. ಗಂಡು ರೆಕ್ಕೆ ಬಡಿದು ಕೂಗಿತು. ಹೆಣ್ಣು ಒಳಹೊಕ್ಕು, ಹೆಣಿಗೆಯನ್ನು ಎಳೆದು ನೋಡಿ, ಹಾರಿಹೋಯಿತು.

“ಈಗೇನಾಗುತ್ತೆ ಅಂತೀಯ?” ಎಂದು ಕೇಳಿ ಸುಮ್ಮನಾದೆ. ಹುಡುಗಿಯೂ ಸುಮ್ಮನಿದ್ದಳು. ಆಮೇಲೆ ತಾನಾಗಿ ಚೀಟಿ ಬಿಡಿಸಿ, ಬೆರಳಿಟ್ಟು ನಿಧಾನಕ್ಕೆ ಓದಿ, ‘ಒಪ್ಪಿದರೆ’ ಎಂಬಲ್ಲಿ ನಿಂತಳು. “ಇದು ಒಪ್ಪಲಿಲ್ಲ. ಅದಕ್ಕೇ ಕೊಳವೆ ಇಲ್ಲ. ಆ ಮೇಲಿನದಕ್ಕೆ ಕೊಳವೆ ಇದೆಯಲ್ಲ, ಅದನ್ನು ಯಾರೋ ಒಪ್ಪಿದ್ದಾರೆ!” ಮೇಲಿನ ಗೂಡಿನ ಮಾತು ಚೀಟಿಯಲ್ಲಿರಲಿಲ್ಲ. ಅದನ್ನು ಊಹಿಸಿದ್ದೇ ನಿಜವಾದ ಓದು.

ಕಣ್ಣಾರೆ ಕಂಡದ್ದು ಅವಳ ಓದಿಗೆ ನೆರವಾಗಿತ್ತು. ಅಮೆರಿಕದಲ್ಲಿ 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು 64 ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ಬರಹವೊಂದನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದುತ್ತಿದ್ದರೂ ಆಟ ಅರಿಯದವರಿಗಿಂತ ಹೆಚ್ಚು ಗ್ರಹಿಸಿದ್ದರು. ಕಂಡು ಕೇಳಿ ಬಲ್ಲ ಲೋಕ ದೊಡ್ಡದಾದಷ್ಟೂ ಪುಟದ ಅರ್ಥ ಹತ್ತಿರವಾಗುತ್ತದೆ.

ಎಲ್ಲರ ಮನೆ ಹತ್ತಿರವೂ ಗೀಜಗನ ಮರ ಇರುವುದಿಲ್ಲ. ಹಿತ್ತಿಲ ಇರುವೆ ಸಾಲು, ಗೋಡೆಯ ಹಲ್ಲಿ, ತುಳಸಿಕಟ್ಟೆಯ ಮೇಲಿನ ಚಿಟ್ಟೆ ಸಾಕು. ಅದನ್ನೇ ಕುರಿತ ನಾಲ್ಕು ಸಾಲು ಓದಿಸಿ. ನಡುವೆ ನಿಲ್ಲಿಸಿ ಮುಂದೇನೆಂದು ಕೇಳಿ. ತಿಳಿಯದ ಪದವನ್ನು ಮಗುವೇ ಗುರುತಿಸಲಿ. ಓದಿದ ಬಗ್ಗೆ ನಿಮಗೊಂದು ಪ್ರಶ್ನೆ ಹಾಕಲಿ. ಕೊನೆಗೆ ಅಜ್ಜಿಗೆ ತನ್ನ ಮಾತಲ್ಲೇ ಹೇಳಲಿ. 1984ರಲ್ಲಿ ಪಾಲಿಂಕ್ಸರ್ ಮತ್ತು ಬ್ರೌನ್ ಎಂಬ ಸಂಶೋಧಕರು ತರಗತಿಯ ಮಕ್ಕಳಿಗೆ ಕಲಿಸಿದ್ದೂ ಈ ನಾಲ್ಕನ್ನೇ: ಊಹಿಸು, ಪ್ರಶ್ನಿಸು, ಗೊಂದಲ ಬಿಡಿಸಿಕೊ, ಸಾರ ಹೇಳು.

ಒಂದೇ ವಿನಂತಿ: ಪ್ರಶ್ನೆ ಕೇಳಿದ ಮೇಲೆ ಉತ್ತರವನ್ನು ನೀವೇ ಹೇಳಿಬಿಡಬೇಡಿ. ಹಕ್ಕಿಗಾಗಿ ಕಾಯುವ ತಾಳ್ಮೆಯನ್ನು ಮಗುವಿಗಾಗಿಯೂ ಇಟ್ಟುಕೊಳ್ಳಿ.